ಐವತ್ತೆಂಟು ಮಿಲಿಸೆಕೆಂಡು

ಕಳೆದ ಜನವರಿಯಲ್ಲಿ ಬೆಂಗಳೂರಿನಿಂದ ತಾಳಗುಪ್ಪದ ರಾತ್ರಿ ರೈಲು ಹತ್ತಿದವಳಿಗೆ ಅರಸೀಕೆರೆ ದಾಟಿದರೂ ನಿದ್ದೆ ಹತ್ತಲಿಲ್ಲ. ಕಂಬಳಿ, ಅದರೊಳಗೆ ಸ್ವೆಟರು, ಕೈಗೆ ಎರಡು ಜೊತೆ ಗ್ಲೌಸು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ. ಇಷ್ಟಿದ್ದೂ ಬೆರಳ ತುದಿ ಮರಗಟ್ಟಿತ್ತು. ಅದು ನನಗೆ ಮಾಮೂಲಿ. ಮಾಮೂಲಿಯಲ್ಲದ್ದು ಬ್ಯಾಗಿನೊಳಗಿನ ಒಂದು ಹಾಳೆ. ಅದರಲ್ಲೊಂದು ಬಣ್ಣದ ಗ್ರಾಫು. ಹಸಿರು ಪಟ್ಟಿ ಮುಗಿದು ಕೆಂಪು ಶುರುವಾದ ಮೇಲೆ ಒಂದು ಕಪ್ಪು ಚುಕ್ಕೆ, ಪಕ್ಕದಲ್ಲಿ 10.5 ಅಂತ ಸಂಖ್ಯೆ. ದೊಡ್ಡ ರಕ್ತನಾಳದಲ್ಲಿ ನಾಡಿಯ ಅಲೆ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಅಂತ ಅಳೆದದ್ದು. ಹಿಂದಿನ ವರ್ಷ ಇದೇ ಪರೀಕ್ಷೆಯನ್ನು ಬೇರೊಂದು ಕಡೆ ಮಾಡಿಸಿದಾಗ 8.4 ಬಂದಿತ್ತು. ಹತ್ತು ದಾಟಿದರೆ ಯೋಚನೆ ಮಾಡಬೇಕಾಗುತ್ತೆ ಅಂತ ಆವಾಗಲೇ ಹೇಳಿದ್ದರು. ಕಡೂರು, ಬೀರೂರು ಎಲ್ಲ ಎಚ್ಚರದಲ್ಲೇ ಹೋದವು.

ನನಗೆ ಸ್ಕ್ಲೀರೋಡರ್ಮಾ ಇದೆ. ಫೈಲಿನ ಮೇಲೆ ಬರೆಯುವುದು ಸಿಸ್ಟೆಮಿಕ್ ಸ್ಕ್ಲೀರೋಸಿಸ್ ಅಂತ. ಊರಲ್ಲಿ ಕೇಳಿದವರಿಗೆ ‘ಚರ್ಮ ಬಿಗಿಯೋ ಕಾಯಿಲೆ’ ಅನ್ನುತ್ತೇನೆ, ಅಷ್ಟು ಹೇಳಿ ಮುಗಿಸುವುದರೊಳಗೆ ಅವರು ಯಾವುದೋ ಎಣ್ಣೆಯ ಹೆಸರು ಹೇಳಿರುತ್ತಾರೆ. 2015ರ ಡಿಸೆಂಬರಿನಲ್ಲಿ ಶುರುವಾದದ್ದು. ಸಾಗರದ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಿಕೊಡುವವಳು. ಬೆಳಗಿನ ಮೊದಲ ಪೀರಿಯಡ್ಡು, ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಮುಂದಿನ ಬೆಂಚಿನ ಹುಡುಗಿ, “ಮಿಸ್, ಕೈಯೆಲ್ಲ ಚಾಕ್‌ಪೀಸ್ ಪುಡಿ” ಅಂದಳು. ಒರೆಸಿಕೊಂಡೆ, ಹೋಗಲಿಲ್ಲ. ಎರಡು ಬೆರಳು ನಡುಗಂಟಿನಿಂದ ತುದಿಯವರೆಗೆ ಚಾಕಿನಷ್ಟೇ ಬೆಳ್ಳಗಾಗಿದ್ದವು, ಮುಟ್ಟಿದರೆ ನನ್ನದಲ್ಲದ ಬೆರಳು ಮುಟ್ಟಿದ ಹಾಗೆ. ಹತ್ತು ನಿಮಿಷಕ್ಕೆ ನೀಲಿ, ಆಮೇಲೆ ಕೆಂಪಾಗಿ ಉರಿ. ಇದಕ್ಕೆ ರೇನಾಡ್ಸ್ ಅಂತ ಹೆಸರು. 1862ರಲ್ಲಿ ಪ್ಯಾರಿಸ್ಸಿನಲ್ಲಿ ಮೊರೀಸ್ ರೇನೋ ಅನ್ನುವ ವೈದ್ಯ ತನ್ನ ಪ್ರಬಂಧದಲ್ಲಿ ವಿವರಿಸಿದ್ದು. ಅನೇಕರಿಗೆ ಅಷ್ಟರಲ್ಲೇ ನಿಲ್ಲುತ್ತದೆ. ನನಗೆ ನಿಲ್ಲಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಬಳೆ ಹಾಕಲು ಕೈ ಮಡಿಸಲಾಗುತ್ತಿರಲಿಲ್ಲ, ಮುಂಗೈ ಚರ್ಮ ಚಿವುಟಲು ಸಿಗುತ್ತಿರಲಿಲ್ಲ.

ಚಿವುಟುವುದೇ ಈ ಕಾಯಿಲೆಯ ಒಂದು ಅಳತೆ ಅಂತ ಆಮೇಲೆ ಗೊತ್ತಾಯಿತು. ಮೈಯ 17 ಜಾಗದಲ್ಲಿ ಡಾಕ್ಟರು ಚರ್ಮವನ್ನು ಬೆರಳುಗಳ ನಡುವೆ ಹಿಡಿದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುತ್ತಾರೆ, ಪೂರ್ಣಾಂಕ 51. ಮೊದಲ ಸಲ ನನಗೆ 22. ಈಗ 11. ಜೀವಮಾನದಲ್ಲಿ ಅಂಕ ಕಡಿಮೆ ಬಂದದ್ದಕ್ಕೆ ಸಂತೋಷಪಟ್ಟ ಒಂದೇ ಪರೀಕ್ಷೆ.

ಚರ್ಮ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರ ಗಮನ ಅದರ ಮೇಲೆ. ಆದರೆ ಈ ಕಾಯಿಲೆ ಮೊದಲು ಕೈಹಾಕುವುದು ರಕ್ತನಾಳಕ್ಕೆ. ಉಗುರಿನ ಬುಡದಲ್ಲಿ ಒಂದು ತೊಟ್ಟು ಎಣ್ಣೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಲ್ಲ, ನನಗೂ ಪರದೆಯ ಮೇಲೆ ತೋರಿಸಿದ್ದರು. ಸರಿಯಿದ್ದವರಲ್ಲಿ ಸಣ್ಣ ಹೇರ್‌ಪಿನ್ನುಗಳನ್ನು ಸಾಲಾಗಿ ಜೋಡಿಸಿದ ಹಾಗಿರುವ ಲೋಮನಾಳಗಳು ನನ್ನಲ್ಲಿ ಕೆಲವು ಊದಿಕೊಂಡು ಹುಳದ ಹಾಗೆ, ನಡುನಡುವೆ ಏನೂ ಇಲ್ಲದ ಬಯಲು, ಒಂದೆರಡು ಕಡೆ ರಕ್ತ ಜಿನುಗಿದ ಕಲೆ. ಸಣ್ಣ ನಾಳಗಳ ಕತೆ ಹೀಗಾದರೆ ದೊಡ್ಡ ನಾಳಗಳ ಕತೆ ಏನು? ಆ ಪ್ರಶ್ನೆಯೇ ನನ್ನನ್ನು ಈ ನಾಡಿ ಅಲೆಯ ಪರೀಕ್ಷೆಯವರೆಗೆ ಎಳೆದುಕೊಂಡು ಹೋದದ್ದು. ಅದಕ್ಕೂ ಮೊದಲು ಅಳತೆಗಳ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ ಒಂದು ಬೆಳಗನ್ನು ಹೇಳಬೇಕು.

2021ರ ಮೇ. ಮನೆಮನೆಗೆ ಆಕ್ಸಿಮೀಟರ್ ಹಿಡಿದು ಬರುತ್ತಿದ್ದ ಆಶಾ ಕಾರ್ಯಕರ್ತೆ ನನ್ನ ತೋರುಬೆರಳಿಗೆ ಕ್ಲಿಪ್ಪು ಹಾಕಿದರು. ಪರದೆ ಸ್ವಲ್ಪ ಹೊತ್ತು ಗೀಟು ತೋರಿಸಿ ಆಮೇಲೆ 81 ಅಂತು. ಪಾಪ, ಆಕೆ ಎರಡು ಹೆಜ್ಜೆ ಹಿಂದೆ ಸರಿದರು. ನನಗೆ ಉಸಿರಾಟ ಸಲೀಸು, ಅಂಗಳದಲ್ಲಿ ನಿಂತು ಅವರ ಜೊತೆ ಮಾತಾಡುತ್ತಿದ್ದೇನೆ. ಆದರೂ ಆ 81 ನೋಡಿದ ಕೂಡಲೇ ನನಗೇ ಉಸಿರು ಸಾಲದ ಹಾಗೆ ಅನಿಸಿತು! ಆಸ್ಪತ್ರೆಗೆ ಹೋದಾಗ ಅಲ್ಲಿದ್ದ ಡಾಕ್ಟರು ಬೆರಳು ನೋಡಿ, ಕಿವಿಯ ಹಾಲೆಗೆ ಹಾಕುವ ಕ್ಲಿಪ್ಪು ತರಿಸಿ ಹಾಕಿದರು. 97. ರೇನಾಡ್ಸ್ ಇದ್ದವರ ತಣ್ಣನೆ ಬೆರಳಲ್ಲಿ ರಕ್ತ ಹರಿಯುವುದೇ ಕಡಿಮೆ, ಆ ಯಂತ್ರಕ್ಕೆ ಓದಲು ನಾಡಿಯೇ ಸಿಗುವುದಿಲ್ಲ. ಯಂತ್ರ ಸುಳ್ಳು ಹೇಳಿದ್ದಲ್ಲ, ನಾವು ಕೇಳಬಾರದ ಜಾಗದಲ್ಲಿ ಕೇಳಿದ್ದೆವು.

ಇನ್ನು ಬಿಪಿ ಪುಸ್ತಕ. ನನ್ನದು ಮೈತುಂಬ ಹರಡುವ ಬಗೆ, ಡಿಫ್ಯೂಸ್. ಈ ಬಗೆಯಲ್ಲಿ ಮೊದಲ ನಾಲ್ಕೈದು ವರ್ಷ ಮೂತ್ರಪಿಂಡಕ್ಕೆ ಒಂದು ಗಂಡಾಂತರ ಇರುತ್ತದೆ. ಬಿಪಿ ಇದ್ದಕ್ಕಿದ್ದಂತೆ ಏರಿ, ಕೆಲವೇ ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಕ್ಯಾಪ್ಟೊಪ್ರಿಲ್ ಜಾತಿಯ ಬಿಪಿ ಮಾತ್ರೆಗಳು ಬರುವುದಕ್ಕೆ ಮುಂಚೆ ಇದರಿಂದ ಬದುಕಿ ಉಳಿದವರು ಬಹಳ ಅಪರೂಪ. ಬೇಗ ಗೊತ್ತಾಗಬೇಕೆಂದರೆ ಮನೆಯಲ್ಲೇ ಬಿಪಿ ನೋಡಿಕೊಳ್ಳಬೇಕು, ಮಾಮೂಲಿಗಿಂತ ಮೇಲಿನ ಅಂಕಿ 20–30 ಜಾಸ್ತಿ ಕಂಡರೆ ಕಾಯದೆ ಫೋನು ಮಾಡಬೇಕು. (ಹಾಗೆಯೇ, ಮೈಕೈ ನೋವು ಅಂತ ಹೋದರೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಡುತ್ತಾರಲ್ಲ ಸ್ಟಿರಾಯ್ಡ್ ಮಾತ್ರೆ, ಅದರ ದೊಡ್ಡ ಡೋಸು ನಮ್ಮಂಥವರಲ್ಲಿ ಇದೇ ಗಂಡಾಂತರವನ್ನು ಕರೆದು ತರಬಲ್ಲದು. ಸ್ಕ್ಲೀರೋಡರ್ಮಾ ಇರುವ ಯಾರಾದರೂ ಇದನ್ನು ಓದುತ್ತಿದ್ದರೆ ಈ ಒಂದು ವಾಕ್ಯವನ್ನಾದರೂ ನೆನಪಿಟ್ಟುಕೊಳ್ಳಿ.) ಮಣಿಕಟ್ಟಿಗೆ ಕಟ್ಟುವ ಯಂತ್ರ ಬೇಡ, ತೋಳಿನದೇ ಇರಲಿ ಅಂದರು ಡಾಕ್ಟರು. ಅಂದಿನಿಂದ ಪ್ರತಿ ಭಾನುವಾರ, ಹಲ್ಲುಜ್ಜಿ, ಕಾಫಿಗೆ ಮುಂಚೆ, ಅದೇ ಕುರ್ಚಿ, ಅದೇ ಎಡದೋಳು. 200 ಪುಟದ ಬೈಂಡ್ ಪುಸ್ತಕ, ಎಡಗಡೆ ಬಿಪಿ, ಬಲಗಡೆ ಷರಾ: ‘ಮದುವೆ ಮನೆ ಊಟ’, ‘ಪರೀಕ್ಷೆ ಪೇಪರ್ ತಿದ್ದಿ ತಡವಾಗಿ ಮಲಗಿದ್ದು’, ‘ಕರೆಂಟಿಲ್ಲ, ಸೆಲ್ ಹಾಕಿ ನೋಡಿದ್ದು’.

ಗಂಡಾಂತರದ ವರ್ಷಗಳು ಸುಮ್ಮನೆ ಕಳೆದವು. ಪುಸ್ತಕ ಮಾತ್ರ ನಿಲ್ಲಿಸಲಿಲ್ಲ. 2023ರ ದಸರಾ ರಜೆಯಲ್ಲಿ ಸುಮ್ಮನೆ ಹಾಳೆ ತಿರುವುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. 2017ರಲ್ಲಿ 118/76, 116/74. ಈಗ 132/74, 134/74. ಕೆಳಗಿನ ಅಂಕಿ ಇದ್ದಲ್ಲೇ ಇದೆ, ಮೇಲಿನದು ಏರಿದೆ. ಎರಡರ ನಡುವಿನ ಅಂತರ 42 ಇದ್ದದ್ದು 60ರ ಹತ್ತಿರ. ಮೇಲಿನ ಅಂಕಿ ಒಂದನ್ನೇ ನೋಡಿದರೆ ‘ಸ್ವಲ್ಪ ಬಿಪಿ’ ಅಷ್ಟೆ. ಅಂತರ ಅಗಲವಾಗುತ್ತಾ ಹೋಗುವುದು ಅಂದರೆ ದೊಡ್ಡ ಅಪಧಮನಿಗಳು ಹಿಗ್ಗುವುದು ಕಡಿಮೆಯಾಗುತ್ತಿರುವುದರ ಲಕ್ಷಣ.

ಇದನ್ನು ನಾನು ಮಕ್ಕಳಿಗೆ ತೋಟದ ಪೈಪಿನ ಮೇಲೆ ಹೇಳುತ್ತೇನೆ. ಅಡಿಕೆ ತೋಟಕ್ಕೆ ನೀರು ಹಾಯಿಸುವಾಗ ಗೇಟ್‌ವಾಲ್ವು ಥಟ್ಟನೆ ಮುಚ್ಚಿದರೆ ಪಿವಿಸಿ ಲೈನಿನ ಉದ್ದಕ್ಕೂ ‘ಠಣ್’ ಅಂತ ಹೊಡೆತ ಕೇಳುತ್ತದೆ, ಹಳೇ ಜಾಯಿಂಟಾದರೆ ಬಿಟ್ಟೇಹೋಗುತ್ತದೆ. ಅದೇ ಮೆತ್ತನೆಯ ರಬ್ಬರ್ ಪೈಪಿನಲ್ಲಿ ಮುಚ್ಚಿ ನೋಡಿ, ಪೈಪು ಅಲ್ಲಲ್ಲಿ ಉಬ್ಬಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿ ಆ ರಬ್ಬರ್ ಪೈಪಿನ ಕೆಲಸ ಮಾಡುತ್ತದೆ. ಹೃದಯ ಒತ್ತಿದಾಗ ಉಬ್ಬಿಕೊಂಡು ಒಂದಷ್ಟು ರಕ್ತವನ್ನು ಇಟ್ಟುಕೊಳ್ಳುತ್ತದೆ, ಹೃದಯ ವಿಶ್ರಮಿಸುವಾಗ ಕುಗ್ಗಿ ಅದನ್ನು ಮುಂದೆ ಕಳಿಸುತ್ತದೆ. ಗೋಡೆ ಸೆಡೆತುಕೊಂಡರೆ ಹೊಡೆತ ನೇರವಾಗಿ ಕೆಳಗಿನ ಸಣ್ಣ ನಾಳಗಳಿಗೆ ಬಡಿಯುತ್ತದೆ, ಅದರಲ್ಲೂ ಮೂತ್ರಪಿಂಡಕ್ಕೆ, ಮಿದುಳಿಗೆ. ಕವಲುಗಳಿಗೆ ತಾಗಿ ಹಿಂತಿರುಗುವ ಅಲೆ ಬೇಗನೆ ಬಂದು, ಹೃದಯ ಇನ್ನೂ ಒತ್ತುತ್ತಿರುವಾಗಲೇ ಎದುರು ತಳ್ಳುತ್ತದೆ. ಸಣ್ಣ ನಾಳಗಳು ಮೊದಲೇ ಕೆಟ್ಟಿರುವ ನಮ್ಮಂಥವರಿಗೆ ಇದು ಗಾಯದ ಮೇಲಿನ ಬರೆ.

ಗೋಡೆ ಎಷ್ಟು ಸೆಡೆತಿದೆ ಅಂತ ತಿಳಿಯಲು ಅಲೆಯ ವೇಗ ಅಳೆಯುತ್ತಾರೆ. ಬಿಗಿ ಪೈಪಿನಲ್ಲಿ ಅಲೆ ಜೋರಾಗಿ ಓಡುತ್ತದೆ, ಮೆತ್ತನೆಯದರಲ್ಲಿ ನಿಧಾನ. ಚಿಕ್ಕ ವಯಸ್ಸಿನವರಲ್ಲಿ ಸೆಕೆಂಡಿಗೆ ಆರೇಳು ಮೀಟರ್, ವಯಸ್ಸಾದಂತೆ ಏರುತ್ತದೆ. ರಕ್ತವೇ ಆ ವೇಗದಲ್ಲಿ ಹರಿಯುತ್ತದೆ ಅಂತಲ್ಲ, ಓಡುವುದು ಒತ್ತಡದ ಅಲೆ. ಪಿಯುಸಿಯಲ್ಲಿ ವಸ್ತು ಎಷ್ಟು ಬಿಗಿ ಅಂತ ಹೇಳುವ ಯಂಗ್ಸ್ ಮಾಡ್ಯುಲಸ್ ಓದುತ್ತೇವಲ್ಲ, ಆ ಥಾಮಸ್ ಯಂಗ್ ವೃತ್ತಿಯಲ್ಲಿ ವೈದ್ಯ. 1808ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಹೃದಯ ಮತ್ತು ಅಪಧಮನಿಗಳ ಕೆಲಸದ ಬಗ್ಗೆಯೇ ಉಪನ್ಯಾಸ ಕೊಟ್ಟಿದ್ದ. ಇಪ್ಪತ್ತು ವರ್ಷ ತಂತಿಗೆ ತೂಕ ಕಟ್ಟಿ ಮಕ್ಕಳಿಗೆ ಸ್ಥಿತಿಸ್ಥಾಪಕತೆ ಹೇಳಿಕೊಟ್ಟವಳಿಗೆ ಅದು ತನ್ನ ಎದೆಯೊಳಗಿನ ವಿಷಯವೂ ಹೌದು ಅಂತ ಹೊಳೆದದ್ದು ಐವತ್ತರ ಹೊಸ್ತಿಲಲ್ಲಿ.

ಮೊದಲ ಪರೀಕ್ಷೆ 2024ರ ಜನವರಿಯಲ್ಲಿ. ಎದೆಗೆ ಇಸಿಜಿಯ ಮೂರು ಸ್ಟಿಕ್ಕರು. ಪೆನ್ನಿನಂಥ ಒಂದು ಸೆನ್ಸರು ಹಿಡಿದು ಕುತ್ತಿಗೆಯ ನಾಡಿ, ಆಮೇಲೆ ತೊಡೆಸಂದಿಯ ನಾಡಿ. ತೊಡೆಸಂದಿ ಅಂದ ಕೂಡಲೇ ನಾನು ಎದ್ದು ಕೂತಿದ್ದೆ. ಮೊದಲೇ ಯಾರೂ ಹೇಳಿರಲಿಲ್ಲ. ಟೆಕ್ನಿಷಿಯನ್ ಹೆಣ್ಣುಮಗಳು, ಬೆಡ್‌ಶೀಟು ಹೊದಿಸಿ, ಏನು ಮಾಡುತ್ತೇನೆ ಅಂತ ಒಂದೊಂದೇ ಹೇಳಿ ಮಾಡಿದಳು. ತೊಡೆಗೆ ಪಟ್ಟಿ ಕಟ್ಟಿ ಅಳೆಯುವ ಯಂತ್ರಗಳೂ ಈಗ ಇವೆಯಂತೆ, ಸಂಕೋಚ ಇರುವವರು ಕೇಳಿನೋಡಬಹುದು. ಮಣಿಕಟ್ಟಿನ ನಾಡಿಯನ್ನೂ ಹಿಡಿಯಲು ನೋಡಿದಳು. ಅಲ್ಲಿ ಚರ್ಮ ಹಲಗೆಯ ಹಾಗಿದೆ, ಪೆನ್ನು ಒತ್ತಿದರೆ ನನಗೆ ನೋವು, ಪರದೆಯ ಮೇಲೆ ಬರೀ ನಡುಗುವ ಗೆರೆ. ಕೈಯನ್ನು ಕೈಬಿಟ್ಟಳು. ಕೊನೆಗೆ ಟೈಲರ್ ಟೇಪು ತೆಗೆದು ಕುತ್ತಿಗೆಯ ಗುರುತಿನಿಂದ ತೊಡೆಸಂದಿಯ ಗುರುತಿಗೆ ಅಳೆದು ಬರೆದುಕೊಂಡಳು. 8.4 ಬಂತು. ‘ವಯಸ್ಸಿಗೆ ತಕ್ಕ ಹಾಗಿದೆ’ ಅಂದರು ಈ ಕಾಯಿಲೆ ನೋಡುವ ನಮ್ಮ ರುಮಟಾಲಜಿ ಡಾಕ್ಟರು.

ಎರಡನೇ ವರ್ಷ ಆ ಯಂತ್ರ ಕೆಟ್ಟಿತ್ತು. ಇನ್ನೊಂದು ಕಡೆ ಹೋದೆ, ಯಾವುದು ಅಂತ ಬೇಡ. ಎಸಿ ಗಾಳಿ ಸುರಿಯುವ ಕಾರಿಡಾರಿನಲ್ಲಿ ನಲವತ್ತು ನಿಮಿಷ ಕೂರಿಸಿದರು. ಒಳಗೆ ಹೋಗುವಾಗ ಉಗುರೆಲ್ಲ ನೇರಳೆ ಬಣ್ಣ. “ಹತ್ತು ನಿಮಿಷ ಮಲಗಲು ಬಿಡಿ, ಎಸಿ ಆರಿಸಿ” ಅಂತ ಕೇಳಿದ್ದಕ್ಕೆ, “ಇನ್ನೂ ಎಂಟು ಜನ ಇದ್ದಾರೆ ಮೇಡಂ” ಅಂದ ಹುಡುಗ. ಬಿಪಿ 138 ತೋರಿಸಿತು, ಮನೆಯಲ್ಲಿ ಹಿಂದಿನ ಭಾನುವಾರ 128 ಇತ್ತು. ಹತ್ತು ನಿಮಿಷ ಸುಮ್ಮನೆ ಮಲಗಿಸುವುದು, ಮಾತಾಡಿಸದಿರುವುದು, ಮೂರು ತಾಸು ಮುಂಚಿನಿಂದ ಕಾಫಿ ಬೇಡ ಅನ್ನುವುದು, ಕೋಣೆ ಹದವಾಗಿ ಬೆಚ್ಚಗಿರುವುದು ಇವೆಲ್ಲ ಆ ಪರೀಕ್ಷೆಯ ಭಾಗವೇ. ಯಾಕೆಂದರೆ ಆ ಕ್ಷಣದ ಬಿಪಿ ಏರಿದರೆ ಅಲೆಯ ವೇಗವೂ ಏರುತ್ತದೆ. ಎಲ್ಲ ಬಿಟ್ಟು ಹಾಳೆ ಕೈಗಿಟ್ಟರು. 10.5.

ಊರಿಗೆ ಬಂದ ಮೇಲೆ ಮೂರು ವಾರ ಆ ಹಾಳೆ ದೇವರ ಗೂಡಿನ ಪಕ್ಕ ಕ್ಯಾಲೆಂಡರಿನ ಹಿಂದೆ ಇತ್ತು. ಮನೆಯವರಿಗೆ ಹೇಳಲಿಲ್ಲ. ಒಂದು ಶನಿವಾರ, ಒಂಬತ್ತನೇ ಕ್ಲಾಸಿಗೆ ವೇಗದ ಲೆಕ್ಕ ಕೊಟ್ಟು ಮಕ್ಕಳು ಬರೆಯುತ್ತಿದ್ದಾಗ ನನಗೆ ನಾಚಿಕೆಯಾಯಿತು. ದೂರ ಭಾಗಿಸು ಕಾಲ. ನಾನು ಭಾಗಲಬ್ಧ ನೋಡಿ ಗಾಬರಿಯಾಗಿದ್ದೆ, ಭಾಜ್ಯ ಭಾಜಕ ನೋಡಿಯೇ ಇರಲಿಲ್ಲ.

ಮನೆಗೆ ಬಂದು ಎರಡೂ ಹಾಳೆ ಪಕ್ಕಪಕ್ಕ ಇಟ್ಟೆ. ಕೆಳಗೆ ಇರುವೆಯಂಥ ಅಕ್ಷರದಲ್ಲಿ ಎಲ್ಲ ಇತ್ತು. ಮೊದಲ ವರ್ಷ ಟೇಪಿನ ದೂರ 62 ಸೆಂಟಿಮೀಟರ್, ಕುತ್ತಿಗೆಯ ನಾಡಿಗೂ ತೊಡೆಸಂದಿಯ ನಾಡಿಗೂ ನಡುವೆ ಕಾಲ 59 ಮಿಲಿಸೆಕೆಂಡು. ಎರಡನೇ ವರ್ಷ ದೂರ 61, ಕಾಲ 58. ಅಂದರೆ ಹೆಚ್ಚುಕಡಿಮೆ ಅದೇ! ಮತ್ತೆ ಉತ್ತರದಲ್ಲಿ ಎರಡು ಮೀಟರಿನ ವ್ಯತ್ಯಾಸ ಎಲ್ಲಿಂದ? 0.61 ಭಾಗಿಸು 0.058, ಬಂತು 10.5. ಸರಿ. 0.62 ಭಾಗಿಸು 0.059 ಮಾಡಿದೆ, ಅದೂ 10.5! ಆದರೆ ಮೊದಲನೆಯವರು 8.4 ಬರೆದಿದ್ದಾರೆ. 8.4 ಬರಬೇಕಾದರೆ ದೂರ 49.6 ಇರಬೇಕು. 62ರ ಶೇಕಡಾ 80.

ಆ ಶೇಕಡಾ 80ರ ಗುಟ್ಟು ಹೀಗೆ. ಹೃದಯದಿಂದ ಹೊರಟ ಅಲೆ ಮೇಲೆ ಕುತ್ತಿಗೆಗೆ ಏರುತ್ತಿರುವಾಗಲೇ ಇನ್ನೊಂದು ಕಡೆ ಕೆಳಕ್ಕೂ ಇಳಿಯುತ್ತಿರುತ್ತದೆ. ಟೇಪಿನಲ್ಲಿ ಕುತ್ತಿಗೆಯಿಂದ ತೊಡೆಸಂದಿಗೆ ನೇರ ಅಳೆದರೆ ಅಲೆ ಓಡಿದ್ದಕ್ಕಿಂತ ಜಾಸ್ತಿ ದೂರ ಹಿಡಿದ ಹಾಗಾಗುತ್ತದೆ. ಹಾಗಾಗಿ ಟೇಪಿನ ದೂರವನ್ನು 0.8ರಿಂದ ಗುಣಿಸಬೇಕು ಅಂತ 2012ರಲ್ಲಿ ತಜ್ಞರು ಒಮ್ಮತಕ್ಕೆ ಬಂದರು. ಅದಕ್ಕೆ ಮುಂಚೆ, 2007ರ ಯುರೋಪಿನ ಬಿಪಿ ಮಾರ್ಗಸೂಚಿಯಲ್ಲಿ ಅಪಾಯದ ಗೆರೆ 12 ಇತ್ತು. 12ನ್ನು 0.8ರಿಂದ ಗುಣಿಸಿದರೆ 9.6, ಅದನ್ನೇ ಸುತ್ತಿ 10 ಮಾಡಿದರು. ಅಂದರೆ ಹೊಸ ಅಳತೆಗೆ ಹೊಸ ಗೆರೆ, ಹಳೇ ಅಳತೆಗೆ ಹಳೇ ಗೆರೆ. ನನಗೆ ಸಿಕ್ಕ ಹಾಳೆಯಲ್ಲಿ ಹಳೇ ಅಳತೆಗೆ ಹೊಸ ಗೆರೆ ಹಾಕಿದ್ದರು. ಸೇರಿನಲ್ಲಿ ಅಳೆದು ಕಿಲೋ ಲೆಕ್ಕದಲ್ಲಿ ದುಡ್ಡು ಕೇಳಿದ ಹಾಗೆ. 61ಕ್ಕೆ ಶೇಕಡಾ 80 ಹಾಕಿ ನೋಡಿದೆ: 8.4. ಎಸಿ ಕಾರಿಡಾರಿನ ಚಳಿಯೊಳಗೂ 8.4!

ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ನಮ್ಮವರು ಯಾಕೆ ನಗುತ್ತಿದ್ದೀಯ ಅಂದರು. ಆಮೇಲೆ ಎಲ್ಲ ಹೇಳಿದೆ, ಬೈಸಿಕೊಂಡೆ.

ಮಾರ್ಚ್‌ನಲ್ಲಿ ಡಾಕ್ಟರ ಮುಂದೆ ಲೆಕ್ಕದ ಹಾಳೆ ಇಟ್ಟಾಗ ಅವರು ಮೊದಲು ಕನ್ನಡಕ ತೆಗೆದರು, ಆಮೇಲೆ ನಾನೇ ಬರೆದ ಭಾಗಾಕಾರವನ್ನು ಎರಡು ಸಲ ನೋಡಿ ಫೈಲಿಗೆ ಸೇರಿಸಿದರು. ಅವತ್ತು ನಾನು ಕೇಳಿದ ಮುಖ್ಯ ಪ್ರಶ್ನೆ, ಈ ಪರೀಕ್ಷೆ ನನಗೆ ಬೇಕೇ ಅಂತ. ಅವರು ಮುಚ್ಚುಮರೆ ಮಾಡಲಿಲ್ಲ. ಸ್ಕ್ಲೀರೋಡರ್ಮಾದವರಲ್ಲಿ ದೊಡ್ಡ ಅಪಧಮನಿಗಳು ಓರಗೆಯವರಿಗಿಂತ ಸೆಡೆತಿರುತ್ತವೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ, ವ್ಯತ್ಯಾಸ ಇಲ್ಲ ಅಂತ ಕೆಲವು. ಕಾರಣವಾಗಬಲ್ಲ ಸಂಗತಿಗಳು ಇದ್ದೇ ಇವೆ: ನಾಳದ ಒಳಪೊರೆ ಕೆಟ್ಟಿರುವುದು, ಉರಿಯೂತ, ಗೋಡೆಯಲ್ಲಿ ನಾರು ತುಂಬಿಕೊಳ್ಳುವುದು. ಮಹಾಪಧಮನಿಯ ಗೋಡೆಗೇ ರಕ್ತ ಕೊಡುವ ಪುಟ್ಟ ನಾಳಗಳಿರುತ್ತವೆ, ಅವೂ ಸಣ್ಣ ನಾಳಗಳೇ ತಾನೆ. ಆದರೆ ನಮ್ಮ ಕಾಯಿಲೆಗೆ ಅಂತ ಬೇರೆ ಗೆರೆ ಇಲ್ಲ, ಸೆಡೆತ ಇಳಿಸಲು ಬೇರೆ ಮಾತ್ರೆಯೂ ಇಲ್ಲ. ವರ್ಷ ವರ್ಷ ತಪ್ಪಿಸಬಾರದ್ದು ಎಕೋ, ಅಂದರೆ ಹೃದಯದ ಸ್ಕ್ಯಾನು, ಮತ್ತು ಶ್ವಾಸಕೋಶದ ಪರೀಕ್ಷೆ. ದುಡ್ಡು ಯಾವುದಕ್ಕಾದರೂ ಒಂದಕ್ಕೇ ಇದ್ದರೆ ಅವಕ್ಕೇ ಹಾಕಿ ಅಂದರು. ಅಂತರ ಅಗಲವಾದದ್ದಕ್ಕೆ ಕಾಯಿಲೆ ಒಂದನ್ನೇ ದೂರಬೇಡಿ, ವಯಸ್ಸಿದೆ, ಮುಟ್ಟು ನಿಂತಿದೆ ಅಂತಲೂ ಸೇರಿಸಿದರು.

ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು, ನಮ್ಮವರೂ ಕೇಳಿದರು. ನನಗೆ ಆದ ಲಾಭ ಹೇಳುತ್ತೇನೆ. ಪುಸ್ತಕದ ಆ ಅಂತರ ನೋಡಿದ ಮೇಲೆಯೇ ‘ಸ್ವಲ್ಪ ಬಿಪಿ’ಯನ್ನು ಅವರೂ ನಾನೂ ಗಂಭೀರವಾಗಿ ತೆಗೆದುಕೊಂಡದ್ದು. ಬೆರಳಿಗೆ ಅಂತ ತಿನ್ನುತ್ತಿದ್ದ ನಿಫೆಡಿಪಿನ್ ಬಿಪಿಗೂ ಆಗುತ್ತದೆ, ಅದರ ಡೋಸು ಹೊಂದಿಸಿದರು. ರೇನಾಡ್ಸ್ ಇರುವುದರಿಂದ ಬೀಟಾ ಬ್ಲಾಕರ್ ಜಾತಿಯ ಬಿಪಿ ಮಾತ್ರೆ ಬೇಡ ಅಂತ ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದರು. ಕೊಲೆಸ್ಟರಾಲ್ ನೋಡಿಸಿದರು, ಅದಕ್ಕೊಂದು ಮಾತ್ರೆ ಬಂತು. ಉಪ್ಪಿನಕಾಯಿ ಕಡಿಮೆ ಮಾಡಿ ಅಂದರು. ಮಲೆನಾಡಿನವಳಿಗೆ, ಅದೂ ಅಪ್ಪೆಮಿಡಿ ಇರುವ ಮನೆಯಲ್ಲಿ! ಪ್ರಯತ್ನ ಜಾರಿಯಲ್ಲಿದೆ.

ಈಗ ಬಿಪಿ ಪುಸ್ತಕದ ಕೊನೆಯ ಪುಟದಲ್ಲಿ ಹೀಗೆ ಬರೆದಿಟ್ಟುಕೊಂಡಿದ್ದೇನೆ: ನಿಫೆಡಿಪಿನ್ ಬೆಳಗ್ಗೆ ಆರಕ್ಕೆ, ಎರಡೂ ಸಲ ಹಾಗೇ ತಿಂದಿದ್ದು, ಮುಂದೆಯೂ ಹಾಗೇ. ಪರೀಕ್ಷೆ ಹತ್ತು ಗಂಟೆಯೊಳಗೆ. ಫ್ಲಾಸ್ಕಿನಲ್ಲಿ ಬಿಸಿನೀರು, ಕಾಫಿಯಲ್ಲ. ಎಸಿ ಆರಿಸದಿದ್ದರೆ ಅವತ್ತು ಬೇಡ, ಇನ್ನೊಂದು ದಿನ. ಟೇಪಿನ ದೂರ ಎಷ್ಟು, 0.8 ಹಾಕಿದ್ದಾರೋ ಇಲ್ಲವೋ, ಮಿಲಿಸೆಕೆಂಡು ಎಷ್ಟು, ಆ ಹೊತ್ತಿನ ಬಿಪಿ ಎಷ್ಟು, ನಾಲ್ಕನ್ನೂ ಕೇಳಿ ನನ್ನ ಕೈಯಲ್ಲೇ ಬರೆದುಕೊಳ್ಳುವುದು. ಪೆನ್ನು ಹಿಡಿಯಲು ಬೆರಳು ಬಗ್ಗದಿದ್ದರೆ ಮೊಬೈಲಿನಲ್ಲಿ ಫೋಟೋ.

ಮೊದಲ ಕಡೆಯ ಯಂತ್ರ ಸರಿಯಾಗಿದೆ ಅಂತ ಫೋನು ಬಂದಿದೆ. ಜನವರಿಗೆ ರೈಲಿನ ಟಿಕೇಟು ನೋಡಿದೆ, ಎಸಿ ಕೋಚಿನಲ್ಲಿ ಸೀಟಿದೆ, ನನಗೆ ಬೇಕಾದ ಸ್ಲೀಪರಿನಲ್ಲಿ ವೇಟಿಂಗ್ ಲಿಸ್ಟ್ 14.